ಕರಿ ಕೂದಲಿನ ಮನೆಯಲ್ಲಿ ಕೆಂಚು ಕೂದಲಿನ ಮಗು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳ ನಾಮಕರಣದ ದಿನ ಹಿರಿಯರೊಬ್ಬರು ತೊಟ್ಟಿಲ ಹತ್ತಿರ ಬಂದು, ಕುಲಾವಿ ಸರಿಸಿ, "ಇದೇನಮ್ಮ, ಕೆಂಚು ಕೂದಲು? ನಮ್ಮ ಕಡೆ ಯಾರಿಗೂ ಇಲ್ವಲ್ಲ" ಎಂದರು. ಅವರಿಗೆ ಅದು ಸುಮ್ನೆ ಆಡಿದ ಮಾತು. ಬಾಣಂತಿಯಾಗಿದ್ದ ನನಗೆ ಅದು ಬಹಳ ದಿನ ಚುಚ್ಚಿತು. ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು ನಾನು. ಉತ್ತರ ಗೊತ್ತಿದ್ದೂ ಆಗ ಬಾಯಿ ಬರಲಿಲ್ಲ. ಆಮೇಲೆ ವಿದ್ಯಾರ್ಥಿಗಳು, ಅವರ ಅಮ್ಮಂದಿರು, ನೆಂಟರು, ಅಕ್ಕಪಕ್ಕದ ಮನೆಯವರು ಇದೇ ವಿಷಯವನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಲೇ ಬಂದಿದ್ದಾರೆ. ಆ ಪ್ರಶ್ನೆಗಳೆಲ್ಲ ಇಲ್ಲಿವೆ.

ಕೂದಲಿಗೆ ಬಣ್ಣ ಎಲ್ಲಿಂದ ಬರುತ್ತದೆ?

ಬುಡದಿಂದ. ಒಂದು ಕೂದಲನ್ನು ಬುಡಸಮೇತ ಕಿತ್ತು ನೋಡಿ. ತುದಿಯಲ್ಲಿ ಈರುಳ್ಳಿ ಗೆಡ್ಡೆಯಂಥ ಪುಟ್ಟ ಉಬ್ಬು ಕಾಣುತ್ತದೆ. ಚರ್ಮದ ಒಳಗೆ, ಕೂದಲ ಬುಡದಲ್ಲಿ ಮೆಲನೋಸೈಟ್ ಎಂಬ ಕೋಶಗಳಿರುತ್ತವೆ. ಅವು ಮೆಲನಿನ್ ಎಂಬ ಬಣ್ಣದ ವಸ್ತು ತಯಾರಿಸಿ, ಬೆಳೆಯುತ್ತಿರುವ ಕೂದಲಿಗೆ ತುಂಬುತ್ತವೆ. ಚರ್ಮದಿಂದ ಹೊರಗೆ ಬಂದ ಮೇಲೆ ಕೂದಲು ಜೀವವಿಲ್ಲದ ಎಳೆ. ಒಳಗಿನಿಂದ ಅದಕ್ಕೆ ಹೊಸ ಬಣ್ಣ ಸೇರುವುದಿಲ್ಲ.

ಮೆಲನಿನ್‌ನಲ್ಲಿ ಎರಡು ಬಗೆ. ಯೂಮೆಲನಿನ್ ಕಪ್ಪು-ಕಂದು ಬಣ್ಣದ್ದು. ಫಿಯೋಮೆಲನಿನ್ ಕೆಂಪು-ಹಳದಿ ಬಣ್ಣದ್ದು. ಪ್ರಪಂಚದಲ್ಲಿರುವ ಎಲ್ಲ ಕೂದಲ ಬಣ್ಣಗಳೂ ಈ ಎರಡರಿಂದಲೇ ಬಂದಿವೆ. ಯೂಮೆಲನಿನ್ ಧಾರಾಳವಾಗಿದ್ದರೆ ಕಪ್ಪು, ಸ್ವಲ್ಪ ಕಡಿಮೆಯಾದರೆ ಕಂದು, ತೀರಾ ಕಡಿಮೆಯಾದರೆ ಹೊಂಬಣ್ಣ. ಫಿಯೋಮೆಲನಿನ್ ಮೇಲುಗೈ ಆದರೆ ಕೆಂಪು. ಎರಡೂ ಇಲ್ಲದಿದ್ದರೆ ಬಿಳಿ. ಕಾಫಿಗೆ ಡಿಕಾಕ್ಷನ್ ಹಾಕುವ ಹಾಗೆ ಇದು. ಒಂದೇ ಡಿಕಾಕ್ಷನ್, ಒಂದೇ ಹಾಲು, ಆದರೂ ಒಂದೊಂದು ಮನೆಯ ಲೋಟದಲ್ಲಿ ಒಂದೊಂದು ಬಣ್ಣ.

ಅಪ್ಪ-ಅಮ್ಮನಿಂದ ಮಗುವಿಗೆ ಬಣ್ಣವೇ ನೇರವಾಗಿ ಬರುವುದಿಲ್ಲ. ಯಾವ ಬಣ್ಣ ಎಷ್ಟು ಮಾಡಬೇಕು ಎನ್ನುವ ಸೂಚನೆ ಬರುತ್ತದೆ. ಆ ಸೂಚನೆ ಬರೆದಿರುವ ಜಾಗಕ್ಕೆ ಜೀನ್ ಎನ್ನುತ್ತೇವೆ.

ಶಾಲೆಯಲ್ಲಿ ಪ್ರಬಲ ಗುಣ, ದುರ್ಬಲ ಗುಣ ಅಂತ ಕಲಿತೆವಲ್ಲ. ಕಪ್ಪು ಪ್ರಬಲ, ಉಳಿದವು ದುರ್ಬಲ ಅಂದರೆ ಮುಗೀತಲ್ವಾ?

ಅಷ್ಟಕ್ಕೇ ಮುಗಿಯುವುದಿಲ್ಲ. ಎರಡು ಗುಣ ಸೇರಿದಾಗ ಕಾಣಿಸಿಕೊಳ್ಳುವುದು ಪ್ರಬಲ, ಮರೆಯಾಗುವುದು ದುರ್ಬಲ ಎಂಬ ಈ ನಿಯಮ ಮೆಂಡೆಲ್ ಎಂಬ ವಿಜ್ಞಾನಿಯದು. ಅವರು ಬಟಾಣಿ ಗಿಡಗಳಲ್ಲಿ ಆರಿಸಿಕೊಂಡ ಗುಣಗಳು ಸ್ಪಷ್ಟವಾಗಿದ್ದವು. ಗಿಡ ಎತ್ತರ ಅಥವಾ ಗಿಡ್ಡ, ಕಾಳು ಹಳದಿ ಅಥವಾ ಹಸಿರು. ಅಲ್ಲಿ ಒಂದು ಗುಣಕ್ಕೆ ಒಂದು ಜೀನ್ ಎಂಬ ಲೆಕ್ಕ ಚೆನ್ನಾಗಿ ಕೂರುತ್ತದೆ. ಕೂದಲಿಗೆ ಆ ಲೆಕ್ಕ ಸಾಲದು. 2018ರಲ್ಲಿ ಯುರೋಪ್ ಮೂಲದ ಸುಮಾರು 3 ಲಕ್ಷ ಜನರ ಡಿಎನ್‌ಎ (ಜೀನ್‌ಗಳ ಸೂಚನೆ ಬರೆದಿರುವ ವಸ್ತು) ಪರಿಶೀಲಿಸಿದಾಗ, ಕೂದಲ ಬಣ್ಣದ ಮೇಲೆ ಪ್ರಭಾವ ಬೀರುವ ನೂರಕ್ಕೂ ಹೆಚ್ಚು ಜೀನ್‌ಗಳು ಕಂಡವು. ಕೆಲವು ಮೆಲನಿನ್ ತಯಾರಿಸುತ್ತವೆ. ಕೆಲವು ಅದನ್ನು ಸಾಗಿಸುತ್ತವೆ. ಇನ್ನು ಕೆಲವು ಮೆಲನೋಸೈಟ್ ಕೋಶಗಳು ಕೂದಲ ಬುಡಕ್ಕೆ ಬಂದು ನೆಲೆಯೂರಲು ನೆರವಾಗುತ್ತವೆ.

ಒಟ್ಟಾರೆ ನೋಡಿದರೆ ಕಪ್ಪಿನ ಕಡೆಗೇ ತೂಕ ಜಾಸ್ತಿ, ಅದು ನಿಜ. ಆದರೆ "ಕಪ್ಪು ಪ್ರಬಲ" ಎಂಬ ಎರಡು ಪದದ ನಿಯಮ ಹಿಡಿದು ಒಂದು ಮನೆಯ ಮಗುವನ್ನು ಅಳೆಯಲು ಹೋದರೆ ಖಂಡಿತ ಎಡವುತ್ತೀರಿ. ಪಾಠ ಮಾಡುವಾಗ ಇದನ್ನು ಬಿಡಿಸಿ ಹೇಳಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅರ್ಧ ಕಲಿತ ಈ ನಿಯಮ ಮನೆಗೆ ಹೋಗಿ ಜಗಳ ಹಚ್ಚುತ್ತದೆ.

ನಾವಿಬ್ಬರೂ ಅಪ್ಪಟ ಕಪ್ಪು ಕೂದಲಿನವರು. ಮಗಳದು ಮಾತ್ರ ಕೆಂಚು. ಇದು ಹೇಗೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಇದಕ್ಕೆ ಕಾರಣಗಳು ಹಲವು, ಎಲ್ಲವೂ ಸಹಜವೇ.

ಮೊದಲು ನಿಮ್ಮ "ಅಪ್ಪಟ ಕಪ್ಪು" ಕೂದಲನ್ನೇ ಒಂದು ಸಲ ಪರೀಕ್ಷಿಸಿ. ಬೆಳಿಗ್ಗೆ ಬಿಸಿಲು ಬೀಳುವ ಕಿಟಕಿಗೆ ಒಂದೆಳೆ ಹಿಡಿಯಿರಿ. ಹೆಚ್ಚಿನವರ ಕೂದಲು ಅಲ್ಲಿ ಕಂದಾಗಿ ಹೊಳೆಯುತ್ತದೆ. ನಾವು ಕಪ್ಪು ಎಂದು ಒಂದೇ ಹೆಸರಿನಲ್ಲಿ ಕರೆಯುವ ಬಣ್ಣದೊಳಗೆ ಹತ್ತಾರು ಛಾಯೆಗಳಿವೆ.

ಇನ್ನು ಹಂಚಿಕೆಯ ಮಾತು. ಪ್ರತಿಯೊಂದು ಜೀನ್‌ಗೂ ನಿಮ್ಮಲ್ಲಿ ಎರಡು ಪ್ರತಿಗಳಿವೆ, ಒಂದು ಅಪ್ಪನಿಂದ ಬಂದದ್ದು, ಇನ್ನೊಂದು ಅಮ್ಮನಿಂದ. ಮಗುವಿಗೆ ಆ ಎರಡರಲ್ಲಿ ಒಂದನ್ನು ಮಾತ್ರ ಕೊಡುತ್ತೀರಿ. ಯಾವುದು ಎಂಬುದು ನಿಮ್ಮ ಕೈಯಲ್ಲಿಲ್ಲ. ಚೌಕಾಬಾರದಲ್ಲಿ ಕವಡೆ ಹಾಕುವುದನ್ನು ನೆನೆಸಿಕೊಳ್ಳಿ. ನಾಲ್ಕರ ಬದಲು ನೂರು ಕವಡೆ ಒಟ್ಟಿಗೆ ಹಾಕಿದ ಹಾಗೆ ಇದು. ಬಹಳ ಸಲ ಅರ್ಧ ಮೇಲ್ಮುಖ, ಅರ್ಧ ಕೆಳಮುಖ ಬೀಳುತ್ತವೆ. ಅಪರೂಪಕ್ಕೆ ಒಂದೇ ಕಡೆಗೆ ಹೆಚ್ಚು ವಾಲುತ್ತವೆ. ಗಂಡ-ಹೆಂಡತಿ ಇಬ್ಬರಲ್ಲೂ ಬಣ್ಣ ತುಸು ಕಡಿಮೆ ಮಾಡುವ ನಾಲ್ಕಾರು ಪ್ರತಿಗಳು ಅಡಗಿರಬಹುದು. ಅವರವರ ತಲೆಯಲ್ಲಿ ಕಾಣಿಸಿಕೊಳ್ಳುವಷ್ಟು ಬಲ ಅವಕ್ಕೆ ಇರುವುದಿಲ್ಲ. ಎರಡೂ ಕಡೆಯವು ಒಂದೇ ಮಗುವಿನಲ್ಲಿ ಸೇರಿದರೆ ಕೂದಲು ಕೆಂಚಾಗುತ್ತದೆ. ಮುಂದಿನ ಮಗುವಿಗೆ ಮತ್ತೆ ಹೊಸದಾಗಿ ಕವಡೆ. ಅದಕ್ಕೇ ಅಕ್ಕನದು ಕೆಂಚು, ತಮ್ಮನದು ಕಾಡಿಗೆಯಂಥ ಕಪ್ಪು.

ಜೀನ್ ಅಲ್ಲದ ಕಾರಣಗಳೂ ಇವೆ. ಚಿಕ್ಕ ಮಕ್ಕಳ ಕೂದಲು ತೆಳು, ಬಣ್ಣವೂ ಕಡಿಮೆ. ಬಿಸಿಲಿನಲ್ಲಿ ಆಡುವ ಮಕ್ಕಳ ಕೂದಲಿನ ಮೆಲನಿನ್ ಬಿಸಿಲಿಗೆ ಒಡೆಯುತ್ತದೆ. ಜಡೆಯ ತುದಿ ಕೆಂಚಾಗಿದ್ದು ಬುಡ ಕಪ್ಪಾಗಿದ್ದರೆ ಅದು ಬಿಸಿಲಿನ ಕೆಲಸವೇ ಇರಬಹುದು.

ಕೆಂಚು ಎಂಬ ಪದ ನಮ್ಮ ಭಾಷೆಯಲ್ಲೇ ಇದೆ ಅಲ್ವಾ? ಕೆಂಚಪ್ಪ, ಕೆಂಚಮ್ಮ ಎಂದು ಹೆಸರಿಟ್ಟವರು ನಾವೇ. ನಮ್ಮ ನಡುವೆ ಇಲ್ಲದ ಬಣ್ಣಕ್ಕೆ ಇಷ್ಟು ಹಳೆಯ ಮಾತು ಹುಟ್ಟುತ್ತಿರಲಿಲ್ಲ.

ಕೂದಲ ಬಣ್ಣ ನೋಡಿ ಮಗು ಯಾರದು ಅಂತ ಹೇಳಬಹುದಾ?

ಹೇಳಲಾಗದು. ಹೇಳಲೂಬಾರದು. ಮೇಲಿನ ಉತ್ತರ ಓದಿದವರಿಗೆ ಕಾರಣ ಗೊತ್ತಾಗಿರುತ್ತದೆ. ಇಬ್ಬರು ಕಪ್ಪು ಕೂದಲಿನವರಿಗೆ ಕಂದು, ಕೆಂಪು, ಬಿಳಿ, ಯಾವ ಕೂದಲಿನ ಮಗುವಾದರೂ ಹುಟ್ಟಬಹುದು. ಇಂಥ ಮಾತು ತಮಾಷೆಗೆ ಬಂದರೂ ಅದರ ಭಾರ ಬೀಳುವುದು ಸೊಸೆಯ ಮೇಲೆ. ಹೆತ್ತು ಹನ್ನೊಂದು ದಿನವೂ ಆಗಿರುವುದಿಲ್ಲ, ಆಗಲೇ ಅವಳು ಸಾಕ್ಷಿ ಹೇಳಬೇಕಾಗುತ್ತದೆ. ದಯವಿಟ್ಟು ಆಡಬೇಡಿ. ಬೇರೆಯವರು ಆಡಿದರೆ, ಹತ್ತಿರ ಇದ್ದ ಗಂಡನೇ ಮೊದಲು ಉತ್ತರ ಕೊಡಲಿ.

ಗಂಡು ಮಗುವಿಗೆ ತಾಯಿಯ ಕೂದಲು, ಹೆಣ್ಣು ಮಗುವಿಗೆ ತಂದೆಯ ಕೂದಲು ಬರುತ್ತದಂತೆ?

ಇಲ್ಲ. ಕೂದಲ ಬಣ್ಣದ ಮುಖ್ಯ ಜೀನ್‌ಗಳು ಗಂಡು-ಹೆಣ್ಣು ನಿರ್ಧರಿಸುವ ವರ್ಣತಂತುಗಳಲ್ಲಿಲ್ಲ (ವರ್ಣತಂತು ಎಂದರೆ ಜೀನ್‌ಗಳು ಸಾಲಾಗಿರುವ ಡಿಎನ್‌ಎ ಎಳೆ). ಗಂಡಾಗಲಿ ಹೆಣ್ಣಾಗಲಿ, ಇಬ್ಬರಿಂದಲೂ ಒಂದೊಂದು ಪ್ರತಿ ಬಂದೇ ಬರುತ್ತದೆ.

ಬೆಂಕಿಯಂಥ ಕೆಂಪು ಕೂದಲು ಹೇಗೆ ಬರುತ್ತದೆ? ಹೆನ್ನಾ ಹಚ್ಚಿದಂತೆ ಕಾಣುತ್ತದಲ್ಲ.

ಅದು ನಮ್ಮ ಕೆಂಚಿಗಿಂತ ಬೇರೆ. ನಮ್ಮ ಕೆಂಚು ಬಹುಪಾಲು ಯೂಮೆಲನಿನ್ ಸ್ವಲ್ಪ ಕಡಿಮೆಯಾದ ಕಂದು. ಸ್ಕಾಟ್ಲೆಂಡ್, ಐರ್ಲೆಂಡ್ ಕಡೆ ಹೆಚ್ಚಾಗಿ ಕಾಣುವ ಕೆಂಪು ಕೂದಲಿನಲ್ಲಿ ಫಿಯೋಮೆಲನಿನ್ ಮೇಲುಗೈ ಪಡೆದಿರುತ್ತದೆ. ಪ್ರಪಂಚದಲ್ಲಿ ಅಂಥವರು ನೂರಕ್ಕೆ ಒಬ್ಬಿಬ್ಬರು.

ಇದರ ಹಿಂದಿರುವುದು 16ನೇ ವರ್ಣತಂತುವಿನ ಎಂಸಿ1ಆರ್ ಎಂಬ ಜೀನ್. ಮೆಲನೋಸೈಟ್ ಕೋಶದ ಮೈಮೇಲೆ ಅದು ಒಂದು ಸ್ವಿಚ್ ಇಡುತ್ತದೆ. ಸ್ವಿಚ್ ಒತ್ತಿದರೆ ಕೋಶ ಕಪ್ಪು ಬಣ್ಣ ಮಾಡುತ್ತದೆ. ಸ್ವಿಚ್ ಕೆಟ್ಟಿದ್ದರೆ ಕೆಂಪು ಬಣ್ಣದಲ್ಲೇ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ಜೊನಾಥನ್ ರೀಸ್ ಮತ್ತು ಸಂಗಡಿಗರು 1995ರಲ್ಲಿ ಕೆಂಪು ಕೂದಲಿಗೂ ಈ ಜೀನ್‌ಗೂ ಇರುವ ನಂಟು ತೋರಿಸಿದರು. ಸಾಮಾನ್ಯವಾಗಿ ಎರಡೂ ಪ್ರತಿಗಳು ಬದಲಾಗಿದ್ದರೆ ಮಾತ್ರ ಕೂದಲು ಕೆಂಪಾಗುತ್ತದೆ. ಮೆಂಡೆಲ್ ಲೆಕ್ಕಕ್ಕೆ ಕೂದಲಿನ ಲೋಕದಲ್ಲಿ ಸಿಗುವ ಹತ್ತಿರದ ಉದಾಹರಣೆ ಇದು. ಆದರೂ ಪೂರ್ತಿ ಅಲ್ಲ. ಎರಡೂ ಪ್ರತಿ ಬದಲಾಗಿದ್ದೂ ಕಂದು ಕೂದಲಿರುವವರು ಇದ್ದಾರೆ. ಒಂದೇ ಪ್ರತಿ ಬದಲಾಗಿರುವ ಕೆಲವು ಗಂಡಸರಿಗೆ ತಲೆಗೂದಲು ಕಂದು, ಗಡ್ಡ ಮಾತ್ರ ಕೆಂಪು.

ನನ್ನ ಮಗ ಹೊರದೇಶದಲ್ಲಿದ್ದಾನೆ. ಸೊಸೆಯದು ಹೊಂಬಣ್ಣದ ಕೂದಲು. ಮೊಮ್ಮಗುವಿನ ಕೂದಲು ಯಾವ ಬಣ್ಣ ಬರಬಹುದು?

ಹೆಚ್ಚಾಗಿ ಕಪ್ಪು ಅಥವಾ ಗಾಢ ಕಂದು. ಹುಟ್ಟಿದಾಗ ತಿಳಿಯಾಗಿದ್ದು, ಶಾಲೆಗೆ ಹೋಗುವ ಹೊತ್ತಿಗೆ ಗಾಢವಾಗುವುದೂ ಉಂಟು. ಅಪ್ಪಟ ಹೊಂಬಣ್ಣ ಬರುವುದು ಅಪರೂಪ, ಏಕೆಂದರೆ ನಿಮ್ಮ ಮಗನ ಕಡೆಯಿಂದ ಬಂದ ಪ್ರತಿಗಳು ಬಣ್ಣ ತುಂಬಿಯೇ ತುಂಬುತ್ತವೆ. ಆದರೆ ಸೊಸೆಯ ಕಡೆಯ ಪ್ರತಿಗಳು ಎಲ್ಲೂ ಹೋಗಿರುವುದಿಲ್ಲ. ಆ ಮೊಮ್ಮಗು ದೊಡ್ಡದಾಗಿ ಅಂಥವೇ ಪ್ರತಿಗಳಿರುವವರನ್ನು ಮದುವೆಯಾದರೆ, ಮರಿಮೊಮ್ಮಗುವಿನಲ್ಲಿ ನಿಮ್ಮ ಸೊಸೆಯ ಹೊಂಬಣ್ಣ ಮತ್ತೆ ಕಾಣಬಹುದು.

ಆ ಹೊಂಬಣ್ಣದ ಒಂದು ಕಾರಣ ನನಗೆ ಬಹಳ ಇಷ್ಟ. 2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಉತ್ತರ ಯುರೋಪಿನವರ ಡಿಎನ್‌ಎ ಬರಹದಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ ಗುರುತಿಸಿದರು. ಆ ಅಕ್ಷರ ಇರುವುದು ಕೆಐಟಿಎಲ್‌ಜಿ ಎಂಬ ಜೀನ್‌ನಿಂದ ಸುಮಾರು 3.5 ಲಕ್ಷ ಅಕ್ಷರಗಳಷ್ಟು ದೂರದಲ್ಲಿ. ಅದು ಜೀನ್ ಅನ್ನು ಕೆಡಿಸುವುದಿಲ್ಲ. ಕೂದಲ ಬುಡದಲ್ಲಿ ಅದರ ಕೆಲಸವನ್ನು ನೂರಕ್ಕೆ ಸುಮಾರು 20 ಭಾಗದಷ್ಟು ತಗ್ಗಿಸುತ್ತದೆ, ಅಷ್ಟೇ. ನಲ್ಲಿಯನ್ನು ಪೂರ್ತಿ ಮುಚ್ಚದೆ ಸ್ವಲ್ಪ ತಿರುಗಿಸಿದ ಹಾಗೆ.

ಹಾಗಾದರೆ ಹೊಂಬಣ್ಣದ ಕೂದಲಿದ್ದರೆ ಯುರೋಪಿನವರ ಸಂಬಂಧ ಇದೆ ಅಂತಲೇ ಅರ್ಥವಾ?

ಅಲ್ಲ. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ಜನರ ಮೈಬಣ್ಣ ಗಾಢ ಕಪ್ಪು. ಅವರಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಹೊಂಬಣ್ಣದ ಗುಂಗುರು ಕೂದಲು. ಬಿಸಿಲಿಗೆ ಹೀಗಾಯಿತು, ಮೀನು ತಿಂದು ಹೀಗಾಯಿತು ಎಂದು ಅಲ್ಲಿನವರು ಹೇಳುತ್ತಿದ್ದರು. ಹಡಗಿನಲ್ಲಿ ಬಂದ ಯುರೋಪಿನವರೇ ಕಾರಣ ಎಂಬ ಊಹೆಯೂ ಇತ್ತು. 2012ರಲ್ಲಿ ಡಿಎನ್‌ಎ ನೋಡಿದಾಗ ಟಿವೈಆರ್‌ಪಿ1 ಎಂಬ ಜೀನ್‌ನಲ್ಲಿ ಒಂದು ಬದಲಾವಣೆ ಸಿಕ್ಕಿತು. ಯುರೋಪಿನವರ ಹೊಂಬಣ್ಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಬದಲಾದ ಎರಡು ಪ್ರತಿ ಸೇರಿದರೆ ಕೂದಲು ಹೊಂಬಣ್ಣ, ಮೈ ಎಂದಿನಂತೆ ಕಪ್ಪು.

ನಮ್ಮ ದೇಶದಲ್ಲಿ ಇದಕ್ಕೆ ತಿರುಗುಮುರುಗಾದ ಉದಾಹರಣೆ ಇದೆ. ಯುರೋಪಿನವರ ತಿಳಿ ಚರ್ಮಕ್ಕೆ ಒಂದು ಕಾರಣವಾದ ಎಸ್‌ಎಲ್‌ಸಿ24ಎ5 ಜೀನ್‌ನ ಬದಲಾವಣೆ ಭಾರತದಲ್ಲೂ ಬಹಳ ಜನರಲ್ಲಿದೆ. ಅವರ ಕೂದಲು ಮಾತ್ರ ಕಪ್ಪೇ. ಮೈಬಣ್ಣದ ದಾರಿ ಬೇರೆ, ಕೂದಲಿನ ದಾರಿ ಬೇರೆ, ಅಲ್ಲಲ್ಲಿ ಮಾತ್ರ ಸೇರುತ್ತವೆ.

ಹುಟ್ಟುಗೂದಲು ತೆಗೆಸಿದರೆ ಕೂದಲು ಕಪ್ಪಾಗಿ ದಟ್ಟವಾಗಿ ಬರುತ್ತದಾ?

ಮುಡಿ ಕೊಡುವುದು ಹರಕೆ, ಸಂಪ್ರದಾಯ. ನಮ್ಮ ಮನೆಯಲ್ಲೂ ಕೊಟ್ಟಿದ್ದೇವೆ. ಕತ್ತಿ ತಾಗುವುದು ಹೊರಗಿನ ಎಳೆಗೆ, ಬಣ್ಣ ಮಾಡುವ ಕೋಶ ಚರ್ಮದ ಒಳಗೆ. ಅದಕ್ಕೆ ಏನೂ ತಿಳಿಯುವುದಿಲ್ಲ. ಚೌಲದ ವಯಸ್ಸಿನಲ್ಲೇ ಮಕ್ಕಳ ಕೂದಲು ತಾನಾಗಿ ಗಾಢವಾಗತೊಡಗುತ್ತದೆ, ಹಾಗಾಗಿ ಕೀರ್ತಿ ಕತ್ತಿಗೆ ಹೋಗುತ್ತದೆ. ಹದಿಹರೆಯದ ಹಾರ್ಮೋನುಗಳ ಹೊತ್ತಿಗೆ ಇನ್ನಷ್ಟು ಗಾಢವಾಗುವುದು ಸಾಮಾನ್ಯ. ಬಸುರಿಗೆ ಕೇಸರಿ ಹಾಲು ಕೊಟ್ಟರೆ ಮಗುವಿನ ಮೈಬಣ್ಣವಾಗಲಿ ಕೂದಲ ಬಣ್ಣವಾಗಲಿ ಬದಲಾಗದು. ರುಚಿಗೆ ಕುಡಿಯಲಿ, ಪಾಪ.

ಮಗುವಿನ ಕೂದಲು, ರೆಪ್ಪೆ, ಹುಬ್ಬು ಎಲ್ಲ ಬಿಳಿ. ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ.

ಇದು ಆಲ್ಬಿನಿಸಂ ಇರಬಹುದು. ತೊನ್ನು ಬೇರೆ, ಇದು ಬೇರೆ. ತೊನ್ನಿನಲ್ಲಿ ಇದ್ದ ಬಣ್ಣ ಮಚ್ಚೆ ಮಚ್ಚೆಯಾಗಿ ಹೋಗುತ್ತದೆ. ಆಲ್ಬಿನಿಸಂನಲ್ಲಿ ಹುಟ್ಟಿನಿಂದಲೇ ಮೆಲನಿನ್ ತಯಾರಾಗುವುದಿಲ್ಲ, ಅಥವಾ ಬಹಳ ಕಡಿಮೆ ತಯಾರಾಗುತ್ತದೆ. ಕೂದಲು ಹಾಲಿನಂತೆ ಬಿಳಿ ಇರಬಹುದು, ಕೆಲವು ಬಗೆಗಳಲ್ಲಿ ಹಳದಿಯಾಗಿಯೂ ಇರಬಹುದು. ಎರಡೂ ಅಂಟುರೋಗಗಳಲ್ಲ.

ಸಾಮಾನ್ಯ ಬಗೆಯಲ್ಲಿ ಅಪ್ಪ-ಅಮ್ಮ ಇಬ್ಬರಲ್ಲೂ ಒಂದೇ ಜೀನ್‌ನ ಒಂದು ಕೆಟ್ಟ ಪ್ರತಿ, ಒಂದು ಒಳ್ಳೆಯ ಪ್ರತಿ ಇರುತ್ತದೆ. ಒಳ್ಳೆಯದೊಂದೇ ಸಾಕಾಗುವುದರಿಂದ ಅವರ ಕೂದಲು ಕಪ್ಪೇ. ಮಗುವಿಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿ ಬಂದರೆ ಮಾತ್ರ ಆಲ್ಬಿನಿಸಂ. ಪ್ರತಿ ಬಸುರಿನಲ್ಲೂ ಆ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಇನ್ನು ಮೂವರಿಗೆ ಬರುವುದಿಲ್ಲ ಎಂದು ಅರ್ಥ ಮಾಡಬೇಡಿ. ಪ್ರತಿ ಸಲವೂ ಲೆಕ್ಕ ಹೊಸದು.

ಇಲ್ಲಿ ನಮ್ಮ ನಾಡಿನ ಒಂದು ಮಾತು ಹೇಳಲೇಬೇಕು. ಕರ್ನಾಟಕದಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಅತ್ತೆ-ಮಾವನ ಮಕ್ಕಳಲ್ಲಿ ಮದುವೆ ಮಾಡುವುದು ಇಂದಿಗೂ ಸಾಕಷ್ಟಿದೆ. ಸೋದರಮಾವ-ಸೊಸೆಯ ನಡುವೆ ಸರಾಸರಿ ಕಾಲು ಭಾಗ ಜೀನ್ ಪ್ರತಿಗಳು ಒಂದೇ. ಅತ್ತೆ-ಮಾವನ ಮಕ್ಕಳ ನಡುವೆ ಎಂಟನೇ ಒಂದು ಭಾಗ. ಒಂದೇ ಅಜ್ಜನಿಂದ ಬಂದ ಅಪರೂಪದ ಪ್ರತಿ ಇಬ್ಬರಲ್ಲೂ ಇರುವ ಸಾಧ್ಯತೆ ಆಗ ಹೆಚ್ಚಾಗುತ್ತದೆ. ಹಾಗೆ ಮದುವೆಯಾದವರ ಮಕ್ಕಳಲ್ಲಿ ಹೆಚ್ಚಿನವರಿಗೆ ಇಂಥ ತೊಂದರೆ ಬರುವುದಿಲ್ಲ, ಆದ್ದರಿಂದ ಭಯ ಬೀಳಿಸಲು ಹೇಳುತ್ತಿಲ್ಲ. ಮದುವೆಗೆ ಮುಂಚೆ, ಕುಟುಂಬದಲ್ಲಿ ಇಂಥ ಮಗು ಇದ್ದರೆ, ಜೆನೆಟಿಕ್ ಕೌನ್ಸೆಲಿಂಗ್ ಮಾಡುವ ವೈದ್ಯರನ್ನು ಒಮ್ಮೆ ಕಾಣಿ.

ಮಗುವಿಗೆ ಬೇಕಾದದ್ದು ಮೊದಲು ಕಣ್ಣಿನ ತಪಾಸಣೆ. ಮೆಲನಿನ್ ಕಣ್ಣು ಬೆಳೆಯಲೂ ಬೇಕು, ಆದ್ದರಿಂದ ದೃಷ್ಟಿ ಮಂದವಾಗಿರುತ್ತದೆ, ಬೆಳಕು ಚುಚ್ಚುತ್ತದೆ, ಕಣ್ಣುಗುಡ್ಡೆ ಅಲುಗಾಡುತ್ತಿರಬಹುದು. ಕನ್ನಡಕ, ಟೋಪಿ, ತುಂಬುತೋಳಿನ ಅಂಗಿ, ಸನ್‌ಸ್ಕ್ರೀನ್, ಶಾಲೆಯಲ್ಲಿ ಮುಂದಿನ ಬೆಂಚು. ಬುದ್ಧಿಗೆ ಯಾವ ಕೊರತೆಯೂ ಇರುವುದಿಲ್ಲ. ಬೋರ್ಡ್ ಕಾಣದೆ ಹಿಂದೆ ಬಿದ್ದ ಮಗುವನ್ನು ದಡ್ಡ ಎಂದು ಕರೆದರೆ ನನಗೆ ಸಹಿಸಲಾಗುವುದಿಲ್ಲ.

ಇನ್ನೊಂದು ಸಂಗತಿ. 1952ರಲ್ಲಿ ಟ್ರೆವರ್-ರೋಪರ್ ಎಂಬ ಇಂಗ್ಲೆಂಡಿನ ಕಣ್ಣಿನ ವೈದ್ಯರು ಆಲ್ಬಿನಿಸಂ ಇದ್ದ ಗಂಡ-ಹೆಂಡತಿಗೆ ಎಲ್ಲರಂತೆ ಬಣ್ಣವಿದ್ದ ಮಕ್ಕಳು ಹುಟ್ಟಿದ್ದನ್ನು ವರದಿ ಮಾಡಿದರು. ಇಬ್ಬರಲ್ಲಿ ಕೆಟ್ಟಿದ್ದ ಜೀನ್‌ಗಳು ಬೇರೆ ಬೇರೆ. ಒಬ್ಬರಲ್ಲಿ ಇಲ್ಲದ್ದನ್ನು ಇನ್ನೊಬ್ಬರು ಕೊಟ್ಟರು.

ತಲೆಯೆಲ್ಲ ಕಪ್ಪು, ಹಣೆಯ ಮೇಲೆ ಮಾತ್ರ ಒಂದು ಬಿಳಿ ಗೊಂಚಲು. ಅಜ್ಜ, ಅಪ್ಪ, ಮಗ ಮೂವರಿಗೂ ಇದೆ.

ಇದು ಪೈಬಾಲ್ಡಿಸಂ ಇರಬಹುದು. ಆ ಜಾಗಕ್ಕೆ ಮೆಲನೋಸೈಟ್ ಕೋಶಗಳು ಹೋಗಿಯೇ ಇರುವುದಿಲ್ಲ. ಇದಕ್ಕೆ ಬದಲಾದ ಒಂದೇ ಪ್ರತಿ ಸಾಕು, ಅದಕ್ಕೇ ತಲೆಮಾರು ಬಿಡದೆ ಬರುತ್ತದೆ. ಮಗುವಿನ ಕಿವಿ ಪರೀಕ್ಷೆ ಮಾತ್ರ ತಪ್ಪಿಸಬೇಡಿ. ಇಂಥದೇ ಬಿಳಿ ಗೊಂಚಲಿನ ಜೊತೆ ಕಿವುಡು ಬರುವ ವಾರ್ಡನ್‌ಬರ್ಗ್ ಸಿಂಡ್ರೋಮ್ ಎಂಬ ಇನ್ನೊಂದು ಸ್ಥಿತಿ ಇದೆ.

ಅಪ್ಪನಿಗೆ 25ಕ್ಕೇ ನೆರೆತಿತ್ತು. ನನಗೂ ಬಾಲನೆರೆ ಬರುತ್ತದಾ?

ಬರುವ ಸಾಧ್ಯತೆ ಹೆಚ್ಚು. ಬಾಲನೆರೆ ಮನೆತನದಲ್ಲಿ ಹರಿದು ಬರುವಂಥದ್ದು. ಕೂದಲ ಬುಡಕ್ಕೆ ಹೊಸ ಮೆಲನೋಸೈಟ್ ಒದಗಿಸುವ ಮೂಲಕೋಶಗಳು ಮುಗಿಯುತ್ತಾ ಬಂದಾಗ ಕೂದಲು ಬಣ್ಣವಿಲ್ಲದೆ ಬೆಳೆಯುತ್ತದೆ. 2016ರಲ್ಲಿ ಲ್ಯಾಟಿನ್ ಅಮೆರಿಕದ 6,000ಕ್ಕೂ ಹೆಚ್ಚು ಜನರನ್ನು ನೋಡಿ, ನೆರೆಯುವುದಕ್ಕೂ ಐಆರ್‌ಎಫ್4 ಎಂಬ ಜೀನ್‌ಗೂ ನಂಟಿದೆ ಎಂದು ತೋರಿಸಿದರು. ಚಿಂತೆಯಿಂದ ನೆರೆಯುತ್ತದೆ ಎಂಬ ಅಜ್ಜಿಯ ಮಾತಿನಲ್ಲೂ ಹುರುಳಿದೆ. 2020ರಲ್ಲಿ ಹಾರ್ವರ್ಡ್‌ನವರು ಇಲಿಗಳಲ್ಲಿ ಒತ್ತಡ ಆ ಮೂಲಕೋಶಗಳನ್ನು ಬೇಗ ಖಾಲಿ ಮಾಡುವುದನ್ನು ಕಂಡರು.

ಎಲ್ಲವನ್ನೂ ಅಪ್ಪನ ತಲೆಗೆ ಕಟ್ಟಬೇಡಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ ಇದ್ದರೂ ಬೇಗ ನೆರೆಯಬಹುದು. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ.

ಬಣ್ಣ ಮಂಕಾಗಿದೆ ಎಂದರೆ ಯಾವಾಗ ವೈದ್ಯರಿಗೆ ತೋರಿಸಬೇಕು?

ಕಪ್ಪಗಿದ್ದ ಕೂದಲು ಕೆಲವೇ ತಿಂಗಳಲ್ಲಿ ಕೆಂಚಾಗಿ, ಒಣಗಿ, ಸುಲಭವಾಗಿ ಕಿತ್ತು ಬಂದರೆ. ಜೊತೆಗೆ ಕಾಲು ಊದಿದ್ದರೆ, ಮಗು ಮಂಕಾಗಿದ್ದರೆ ತಡಮಾಡಬೇಡಿ. ಪ್ರೋಟೀನ್ ಕೊರತೆಯ ಲಕ್ಷಣ ಇದು. ಕೆಲವು ಕಾಲ ಊಟ ಚೆನ್ನಾಗಿದ್ದು ಕೆಲವು ಕಾಲ ಇಲ್ಲದಿದ್ದರೆ ಒಂದೇ ಕೂದಲಿನಲ್ಲಿ ತಿಳಿ ಪಟ್ಟಿ, ಕಪ್ಪು ಪಟ್ಟಿ ಕಾಣಿಸುತ್ತದೆ. ಅದನ್ನು ವಂಶದ ಕೆಂಚು ಎಂದುಕೊಂಡು ಬಿಟ್ಟರೆ ಮಗುವಿಗೆ ಅನ್ಯಾಯವಾಗುತ್ತದೆ.

ಡಿಎನ್‌ಎ ನೋಡಿ ಕೂದಲ ಬಣ್ಣ ಹೇಳಬಹುದಾ?

ಒಂದು ಮಟ್ಟಿಗೆ. ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್‌ನ ಎಲುಬು 2012ರಲ್ಲಿ ಲೆಸ್ಟರ್ ಊರಿನ ಒಂದು ಕಾರ್ ಪಾರ್ಕಿಂಗ್ ಕೆಳಗೆ ಸಿಕ್ಕಿತು. ಅದರ ಡಿಎನ್‌ಎ ಓದಿ, ಆತನ ಕೂದಲು ಹೊಂಬಣ್ಣದ್ದಾಗಿರುವ ಸಾಧ್ಯತೆ ನೂರಕ್ಕೆ 77 ಎಂದರು, ಅದೂ ಚಿಕ್ಕಂದಿನಲ್ಲಿ. ದೊಡ್ಡವನಾದ ಮೇಲೆ ಗಾಢವಾಗಿರಬಹುದು. ಇಂಥ ವಿಧಾನಗಳನ್ನು ಮುಖ್ಯವಾಗಿ ಯುರೋಪಿನವರ ಮಾಹಿತಿಯ ಮೇಲೆ ಕಟ್ಟಿದ್ದಾರೆ. ನಮ್ಮ ಕಪ್ಪಿನೊಳಗಿನ ಛಾಯೆಗಳನ್ನು ಅವು ಬಿಡಿಸಿ ಹೇಳಲಾರವು. ಹುಟ್ಟುವ ಮಗುವಿನ ಕೂದಲು ತಿಳಿಯಲು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

"ನನ್ನ ಕೂದಲು ಯಾಕೆ ಹೀಗೆ?" ಅಂತ ಮಗುವೇ ಕೇಳಿದರೆ?

ನನ್ನ ಮಗಳು ಕೇಳಿದಾಗ ಅವಳಿಗೆ ಆರು ವರ್ಷ. ಶಾಲೆಯಲ್ಲಿ ಯಾರೋ "ಕೆಂಚಿ" ಎಂದಿದ್ದರು. ನನ್ನದೊಂದು, ಅವಳದೊಂದು, ಅವಳಪ್ಪನದೊಂದು, ನಮ್ಮಮ್ಮನದೊಂದು ಕೂದಲು ತೆಗೆದು ಬಿಳಿ ಹಾಳೆಯ ಮೇಲೆ ಅಂಟಿಸಿ ಕಿಟಕಿಗೆ ಹಿಡಿದೆವು. ಅವಳ ಎಳೆ ಜೇನಿನ ಬಣ್ಣ. ನನ್ನದು ಬೆಲ್ಲದ ಬಣ್ಣ, ನಾನು ಅಷ್ಟು ದಿನ ಕಪ್ಪು ಎಂದುಕೊಂಡಿದ್ದೆ. ಅವಳಪ್ಪನದು ಅದಕ್ಕಿಂತ ಒಂದು ಗುಲಗಂಜಿ ಗಾಢ. ನಮ್ಮಮ್ಮನದು ಬುಡ ಬಿಳಿ, ತುದಿಯಲ್ಲಿ ಇನ್ನೂ ಸ್ವಲ್ಪ ಕಂದು ಉಳಿದಿತ್ತು. ಮಗಳು ತನ್ನ ಎಳೆಯನ್ನು ಅಜ್ಜಿಯ ತುದಿಯ ಪಕ್ಕ ಇಟ್ಟು, "ಅಜ್ಜೀ, ನಿಂದೂ ನನ್ ಥರಾನೇ ಇತ್ತಾ?" ಎಂದಳು. ನಮ್ಮಮ್ಮ ಕನ್ನಡಕ ಏರಿಸಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದರು. "ಹೂಂ ಮಗಾ, ಎಣ್ಣೆ ಹಚ್ಚಿ ಹಚ್ಚಿ ಯಾರಿಗೂ ಗೊತ್ತಾಗ್ತಿರಲಿಲ್ಲ" ಎಂದರು. ಆ ಹಾಳೆ ಈಗಲೂ ನಮ್ಮ ಫ್ರಿಜ್ ಬಾಗಿಲ ಮೇಲಿದೆ.